ಪಿಕಪ್ ಆಸೆಗೆ ಶಾಫ್ಟ್ ಬದಲಿಸಬ್ಯಾಡ್ರಿ

ಹಳೇ ಫೋರ್ಡ್ ಮಸ್ಟಾಂಗ್ ಜಿಟಿ ಕಾರು ತಗೊಂಡೀರಿ, ಅದರ ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರದ ಕಡೆ ಶಕ್ತಿ ಒಯ್ಯುವ, ತಿರುಗುವ ಉದ್ದನೆ ಪೈಪು) ತೆಗೆದು ಒಂದೇ ತುಂಡಿನದು ಹಾಕಿದರೆ ಪಿಕಪ್ ಎಷ್ಟು ಹೆಚ್ಚಾಗುತ್ತೆ, ಲೋಕಲ್ ಲೇಥಿನಲ್ಲಿ ಮಾಡಿಸಬಹುದಾ ಅಂತ ಕೇಳೀರಿ. ಅದೇ ಕಾರು, ಅದೇ ಹುಚ್ಚು. ನಾನು ಮಾಡಿಸಿ, ಓಡಿಸಿ, ತೆಗೆದು ಎಸೆದು ಆಗಿದೆ.

ನಮ್ಮದು ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ಮಷೀನ್ ಶಾಪ್. ನನ್ನ ಗಾಡಿಯಲ್ಲಿ ಶಾಫ್ಟನ್ನು ನಡುವೆ ಹಿಡಿದು ನಿಲ್ಲಿಸುವ ಸೆಂಟರ್ ಬೇರಿಂಗಿನ ರಬ್ಬರ್ ಹರಿದಿತ್ತು. ಪಾರ್ಟ್ ಹೊರದೇಶದಿಂದ ಬರಬೇಕು, ಪೂರಾ ಶಾಫ್ಟ್ ಸೆಟ್ಟೇ ತಗೋಬೇಕು ಅಂದರು. ಮನೆಯಲ್ಲೇ ಮೂರು ಲೇಥ್ ಇಟ್ಟುಕೊಂಡವನಿಗೆ ಇಂಥ ಮಾತು ಕೇಳಿದರೆ ಏನಾಗುತ್ತೆ? ಸೊಕ್ಕು ಬರುತ್ತೆ. ನಡುವಿನ ಬೇರಿಂಗೇ ಬ್ಯಾಡ, ಒಂದೇ ಪೈಪು ಎಳೆದರಾಯ್ತು, ತೂಕವೂ ಕಡಿಮೆ ಅಂದುಕೊಂಡೆ.

ಮೂಲ ಶಾಫ್ಟಿನ ಪೈಪಿಗೆ ಕ್ಯಾಲಿಪರ್ ಹಚ್ಚಿ ನೋಡಿದೆ, ಎರಡೂವರೆ ಇಂಚಿನ ಆಸುಪಾಸು. ಅಷ್ಟೇ ದಪ್ಪದ ಉಕ್ಕಿನ ಪೈಪು ಶಾಪಿನಲ್ಲೇ ಬಿದ್ದಿತ್ತು. ಕಂಪನಿ ಜಾಯಿಂಟ್ ಬಿಟ್ಟು ಎರಡೂ ತುದಿಗೆ ಕ್ರಾಸ್ (ಶಾಫ್ಟ್ ಓರೆಯಾಗಿದ್ದರೂ ತಿರುಗಲು ಬಿಡುವ ಜಾಯಿಂಟ್) ಹಾಕಿ, ಬೋಲ್ಟ್ ಕೂಡಿಸುವ ತಟ್ಟೆ, ಅಂದರೆ ಫ್ಲಾಂಜ್, ನಾನೇ ಟರ್ನ್ ಮಾಡಿದೆ. ಎರಡೂ ಕಡೆ ಕ್ರಾಸ್ ಹಿಡಿಯುವ ಕವೆ, ಅಂದರೆ ಯೋಕ್, ಒಂದೇ ನೇರಕ್ಕೆ ಕೂಡಿಸಿ ವೆಲ್ಡ್ ಹೊಡೆದೆ. ಡಯಲ್ ಗೇಜ್ ಇಟ್ಟು ತಿರುಗಿಸಿದರೆ ಓಲಾಟ ಎಲ್ಲೂ 0.2 ಮಿಮೀ ದಾಟಲಿಲ್ಲ. ಬ್ಯಾಲೆನ್ಸಿಂಗೂ ಮಾಡಿಸಿದೆ. ಕೆಲಸ ಅಂದ್ರ ಕೆಲಸ!

ನಮ್ಮ ಹಳೇ ಟರ್ನರ್ ಕಾಕಾನನ್ನು ಪಕ್ಕಕ್ಕೆ ಕೂಡಿಸಿಕೊಂಡು ಸಂಕೇಶ್ವರದ ಕಡೆ ಹೊರಟೆ. ಕಾಕತಿ ದಾಟುವ ತನಕ ಬೆಣ್ಣೆ. 85 ಮುಟ್ಟಿದ ಕೂಡಲೇ ನಡುವಿನ ಕನ್ನಡಿಯಲ್ಲಿ ಹಿಂದಿನ ಲಾರಿ ಎರಡಾಗಿ ಕಾಣತೊಡಗಿತು. 100ಕ್ಕೆ ಮತ್ತೆ ತಣ್ಣಗೆ. ‘ಹೋತು ಬಿಡು’ ಅಂದುಕೊಂಡು ಒತ್ತಿದೆ. 130 ದಾಟುತ್ತಲೇ ಅಂಗಾಲಿನಿಂದ ಗುಂಯ್ ಅಂತ ಶುರುವಾಗಿ ಸೀಟಿನೊಳಗೆ ಏರಿತು. ಕಾಕಾ ಗೇರ್ ಪಕ್ಕದ ಕನ್ಸೋಲಿನ ಮೇಲೆ ಅಂಗೈ ಊರಿ ಕೂತಿದ್ದ. ಏನೂ ಅನ್ನಲಿಲ್ಲ.

ನಾನು ಬ್ಯಾಲೆನ್ಸ್ ತಪ್ಪಿದೆ ಅಂತ ಹಟ ಹಿಡಿದೆ. ಬಿಚ್ಚಿ ಮತ್ತೆ ಮಾಡಿಸಿದೆ. ಮತ್ತೆ ಅದೇ. ಮೂರನೇ ಸಲ ಬೇರೆ ಕಡೆ ಒಯ್ದೆ; ಮಷೀನಿನ ಮೇಲೆ ಶಾಫ್ಟ್ ದೇವರ ಹಂಗ ನಿಂತಿತು, ರೋಡಿಗೆ ಬಂದರೆ ದೆವ್ವ. ಅಷ್ಟರಲ್ಲಿ ಗೇರ್‌ಬಾಕ್ಸಿನ ಹಿಂದಿನ ಆಯಿಲ್ ಸೀಲ್ ಸೋರತೊಡಗಿತ್ತು. ಆಗ ಕಾಕಾ ಬಾಯಿ ಬಿಟ್ಟ: ‘ತಮ್ಮಾ, ಇದು ತೂಕದ ರೋಗ ಅಲ್ಲ, ಉದ್ದದ ರೋಗ. ಹೊರಗ ನಿಂತ ಲಾರಿ ಕೆಳಗ ಬಗ್ಗಿ ನೋಡು, ಶಾಫ್ಟ್ ಎಷ್ಟು ಕಡೆ ತೂಗುಹಾಕ್ಯಾರ.’

ನನ್ನ ತಪ್ಪು ಇಲ್ಲಿದೆ, ಸ್ವಲ್ಪ ಉದ್ದ ಆದರೂ ಹೇಳ್ತೀನಿ, ಯಾಕಂದ್ರೆ ನೀವೂ ಇದನ್ನೇ ಮಾಡೋರಿದ್ದೀರಿ. ಅಂಗಳದಲ್ಲಿ ಬಟ್ಟೆ ಒಣಹಾಕುವ ತಂತಿ ಉದ್ದ ಆದಾಗ ನಡುವೆ ಒಂದು ಕವೆಗೋಲು ಕೊಡ್ತೀವಲ್ಲ, ಸೆಂಟರ್ ಬೇರಿಂಗ್ ಅದೇ ಕೆಲಸ ಮಾಡುತ್ತೆ. ನಾನು ಕವೆಗೋಲು ಕಿತ್ತು ತಂತಿ ಮಾತ್ರ ಮೊದಲಿನಷ್ಟೇ ದಪ್ಪ ಇಟ್ಟೆ. ಪ್ರತಿ ಪೈಪಿಗೂ ಒಂದು ವೇಗ ಇರುತ್ತೆ. ಅಲ್ಲಿಗೆ ಬಂದರೆ ಸ್ಕಿಪ್ಪಿಂಗ್ ಹಗ್ಗದಂತೆ ಹೊಟ್ಟೆ ಬಿಟ್ಟು ತಿರುಗುತ್ತೆ. ಉಕ್ಕಿನ ಪೈಪಿಗೆ ಒರಟು ಲೆಕ್ಕ ಹೀಗೆ: ಹೊರವ್ಯಾಸದ ವರ್ಗ, ಒಳವ್ಯಾಸದ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ, 12 ಕೋಟಿಯಿಂದ ಗುಣಿಸಿ ಉದ್ದದ ವರ್ಗದಿಂದ ಭಾಗಿಸಿ. ಅಳತೆ ಮಿಮೀ, ಉತ್ತರ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ. ಹೊರಗೆ 63.5, ಒಳಗೆ 58.5, ಉದ್ದ 1,500 ಹಿಡಿದರೆ 4,600. ಅದೇ ಪೈಪು 750 ಉದ್ದ ಇದ್ದರೆ 18,400! ಉದ್ದ ಅರ್ಧ ಆದರೆ ವೇಗ ನಾಲ್ಕು ಪಟ್ಟು. ಕಂಪನಿಯವರು ಒಂದು ಬೇರಿಂಗು, ಒಂದು ಜಾಯಿಂಟು ಹೆಚ್ಚಿಗೆ ಖರ್ಚು ಮಾಡಿದ್ದು ಸುಮ್ಮನೆ ಅಲ್ಲ.

4,600ರ ತನಕ ನಾನು ಹೋಗಿರಲೇ ಇಲ್ಲ. ಡಿಫರೆನ್ಶಿಯಲ್ ರೇಶಿಯೋ (ಚಕ್ರದ ಒಂದು ಸುತ್ತಿಗೆ ಶಾಫ್ಟ್ ತಿರುಗುವ ಸುತ್ತು) ಮೂರೂವರೆ, ಟೈರಿನ ಒಂದು ಸುತ್ತು 2.2 ಮೀಟರ್ ಹಿಡಿರಿ, ಗಂಟೆಗೆ 130ಕ್ಕೆ ಶಾಫ್ಟ್ ತಿರುಗೋದು 3,450. ಆದರೆ ಆ 4,600ರ ಮುಕ್ಕಾಲು ಭಾಗ ದಾಟಿದ ಮೇಲೆ ಓಡಿಸಬಾರದು ಅನ್ನೋದು ಈ ಕೆಲಸದವರ ರೂಢಿ, ನನ್ನ ಮುಕ್ಕಾಲು ಅಲ್ಲಿಗೇ ಮುಗಿದಿತ್ತು. 85ರ ನಡುಕ? ಕ್ರಾಸ್ ಓರೆಯಲ್ಲಿ ತಿರುಗುವಾಗ ಪ್ರತಿ ಸುತ್ತಿಗೆ ಎರಡು ಸಲ ತಳ್ಳುತ್ತೆ, ಹಾಗಾಗಿ ಅರ್ಧ ವೇಗದಲ್ಲೇ, 2,300ರಲ್ಲಿ, ಒಮ್ಮೆ ಕಾಡುತ್ತೆ. ಕ್ರಾಸ್ ಹಾಕಿದ್ದೂ ನಾನೇ. ಬ್ಯಾಲೆನ್ಸಿಂಗ್ ಮಷೀನ್ ಇಷ್ಟು ವೇಗಕ್ಕೆ ತಿರುಗಿಸಿರಲಿಲ್ಲ, ಅದರ ತಪ್ಪೇನಿಲ್ಲ.

‘ಅಲ್ಯೂಮಿನಿಯಂ ಹಾಕಿದ್ರೆ?’ ಅಂತ ಕೇಳ್ತೀರಿ, ಗೊತ್ತು. ಅದರ ತೂಕ ಉಕ್ಕಿನ ಮೂರನೇ ಒಂದು, ಬಿಗಿತನವೂ ಮೂರನೇ ಒಂದು, ಹಾಗಾಗಿ ಈ ಲೆಕ್ಕದಲ್ಲಿ ಎರಡೂ ಸಮ. ಹೊರಗಿನಿಂದ ಬರುವ ಅಲ್ಯೂಮಿನಿಯಂ ಶಾಫ್ಟ್‌ಗಳು ನಡೆಯೋದು ಮೂರೂವರೆ ಇಂಚಿನಷ್ಟು ದಪ್ಪ ಇರೋದಕ್ಕೆ. ಕಾರ್ಬನ್ ಫೈಬರ್ ಕಥೆ ಬೇರೆ, ರೇಟೂ ಬೇರೆ.

ಇನ್ನು ಪಿಕಪ್. ನಿಮ್ಮ ಪ್ರಶ್ನೆಯ ಬುಡವೇ ಅಲ್ಲಿ ಅಲ್ಲಾಡುತ್ತೆ. ಶಾಫ್ಟ್ ಚಕ್ರಕ್ಕಿಂತ ಮೂರೂವರೆ ಪಟ್ಟು ಜೋರಾಗಿ ತಿರುಗಿದರೂ ಅದರ ಲೋಹ ಇರೋದು ನಡುವಿನಿಂದ ಒಂದು ಇಂಚು ದೂರದಲ್ಲಿ, ಟೈರ್ ಇರೋದು ಒಂದಡಿ ದೂರದಲ್ಲಿ. ಕೆಲವು ಕೆಜಿ ಇಳಿಯುತ್ತೆ, ಆಕ್ಸಿಲರೇಟರ್ ಒತ್ತಿದಾಗಿನ ‘ಟಕ್’ ಸ್ವಲ್ಪ ಹೋಗಬಹುದು, ಅಷ್ಟೇ. ಪಿಕಪ್ಪೇ ಬೇಕಾದರೆ ಹಗುರಾದ ವ್ಹೀಲ್ ತಗೋರಿ. ರೇಸ್ ಟ್ರ್ಯಾಕಿಗೆ ಒಯ್ಯೋರಾದರೆ ನಿಮ್ಮದೇ ಮಾಡೆಲ್ಲಿಗೆ ಅಂತ ಮಾಡಿದ, ಗರಿಷ್ಠ ಆರ್‌ಪಿಎಂ ಬರೆದು ಕೊಡುವ ಶಾಫ್ಟನ್ನೇ ತರಿಸಿರಿ, ಜೊತೆಗೆ ಸೇಫ್ಟಿ ಲೂಪ್ (ಶಾಫ್ಟ್ ಕಳಚಿದರೆ ಕೆಳಗೆ ಬೀಳದಂತೆ ಹಿಡಿಯುವ ಉಂಗುರ) ಹಾಕಿಸಿರಿ. ಮುಂದಿನ ತುದಿ ಕಳಚಿ ನೆಲಕ್ಕೆ ಬಡಿದರೆ ಏನಾಗುತ್ತೆ ಅಂತ ನಾನು ಬರೆಯಬೇಕಿಲ್ಲ. ಲೋಕಲ್ ಲೇಥ್? ಲೇಥಿನವನೇ ಹೇಳ್ತಿದೀನಿ, ಬ್ಯಾಡ್ರಿ.

ನಾನು ಕಡೆಗೆ ಕಂಪನಿ ಸೆಟ್ಟೇ ತರಿಸಿದೆ. ಮೊದಲೇ ತರಿಸಿದ್ದರೆ ಮೂರು ಬ್ಯಾಲೆನ್ಸಿಂಗು, ಒಂದು ಸೀಲು, ಎರಡು ತಿಂಗಳ ಭಾನುವಾರ ಉಳೀತಿತ್ತು.

ಅಂದಹಾಗೆ, ಈಗ ಗಾಡಿ ನಡುಗುತ್ತಿದೆಯಾ ಅಂತ ನೀವು ಬರೆದೇ ಇಲ್ಲ. ನಡುಗುತ್ತಿದ್ದರೆ ಖಾಲಿ ರೋಡಿನಲ್ಲಿ ಆ ವೇಗಕ್ಕೆ ಹೋಗಿ ನ್ಯೂಟ್ರಲ್‌ಗೆ ಹಾಕಿ ನೋಡಿರಿ. ಆಗಲೂ ನಡುಕ ಉಳಿದರೆ ಶಾಫ್ಟೋ ಟೈರೋ, ನಿಂತರೆ ಎಂಜಿನ್ ಕಡೆ ಹುಡುಕಬೇಕು. ಎಷ್ಟು ಸ್ಪೀಡಿಗೆ ಶುರುವಾಗುತ್ತೆ ಅಂತ ಕೆಳಗೆ ಬರೆಯಿರಿ, ಕಾಕಾನಿಗೆ ತೋರಿಸಿ ಹೇಳ್ತೀನಿ.