ಸೆರೊಟೋನಿನ್ ಕಥೆ ಸುಳ್ಳಾದರೆ ಮಾತ್ರೆಯೂ ಸುಳ್ಳಾ?

ಪ್ರಶ್ನೆ: ನಮ್ಮದು ಆಳಂದ ತಾಲ್ಲೂಕಿನ ಹಳ್ಳಿ. ತಮ್ಮನಿಗೆ ಖಿನ್ನತೆ. ಕಲಬುರಗಿಯ ಡಾಕ್ಟರು ‘ಮೆದುಳಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಕಮ್ಮಿ ಆಗಿದೆ’ ಅಂತ ಎಸಿಟಾಲೋಪ್ರಾಮ್ ಮಾತ್ರೆ ಕೊಟ್ಟರು. ಎರಡು ತಿಂಗಳಲ್ಲಿ ಸುಧಾರಿಸಿದ, ಹೊಲಕ್ಕೂ ಹೋಗತೊಡಗಿದ. ಈಗ ಅದೆಲ್ಲ ಸುಳ್ಳು ಅನ್ನುವ ವಿಡಿಯೊ ನೋಡಿ ನಾಲ್ಕು ದಿನದಿಂದ ಮಾತ್ರೆ ಬಿಟ್ಟಿದ್ದಾನೆ. ತಲೆಸುತ್ತು, ನಿದ್ದೆಯಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಸೆರೊಟೋನಿನ್ ಎಷ್ಟಿದೆ ಅಂತ ಗೊತ್ತಾಗುತ್ತಾ?

ಉತ್ತರ: ಮೊದಲು ಆ ಡಾಕ್ಟರಿಗೆ ಫೋನ್ ಮಾಡಿ, ಇವತ್ತೇ. ಈ ಮಾತ್ರೆಯನ್ನು ದಿಢೀರನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು ಬರಬಹುದು. ಕೆಲವರಿಗೆ ತಲೆಯೊಳಗೆ ಕರೆಂಟ್ ಹೊಡೆದಂತೆಯೂ ಆಗುತ್ತದೆ.

ಇನ್ನು ವಿಡಿಯೊ. ಅದರಲ್ಲಿ ಅರ್ಧ ನಿಜ ಇದೆ. ಸೆರೊಟೋನಿನ್ ಕಮ್ಮಿಯಾಗಿಯೇ ಖಿನ್ನತೆ ಬರುತ್ತದೆ ಅನ್ನುವುದು 1960ರ ದಶಕದ ಊಹೆ. 2022ರಲ್ಲಿ ಸಂಶೋಧಕರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ಅದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ನಮ್ಮ ತೊಗರಿಗೆ ನೆಟೆ ರೋಗ ಬಂದಾಗ ನೋಡಿದ್ದೀರಲ್ವಾ? ಗಿಡ ನೀರಿಲ್ಲದಂತೆ ಬಾಡಿ ನಿಂತಿರುತ್ತದೆ, ಬುಡದ ಮಣ್ಣು ಮುಟ್ಟಿದರೆ ಹಸಿ. ಖಿನ್ನತೆಯೂ ಹಾಗೆ, ಒಂದೇ ವಸ್ತುವಿನ ಕೊರತೆ ಅಲ್ಲ. ವಂಶ, ಸಾಲ, ಸಾವು, ಒಂಟಿತನ, ಥೈರಾಯ್ಡ್, ಎಲ್ಲವೂ ಸೇರಿರಬಹುದು.

ಆದರೆ ಕಾರಣದ ಕಥೆ ತಪ್ಪಾದ ಮಾತ್ರಕ್ಕೆ ಮಾತ್ರೆ ಕೆಲಸ ಮಾಡಲ್ಲ ಅಂತಲ್ಲ. 522 ಪ್ರಯೋಗಗಳನ್ನು ಸೇರಿಸಿ ನೋಡಿದ 2018ರ ವಿಶ್ಲೇಷಣೆಯಲ್ಲಿ 21 ಖಿನ್ನತೆ ಔಷಧಿಗಳೂ ಔಷಧಿಯೇ ಇಲ್ಲದ ಹುಸಿ ಮಾತ್ರೆಗಿಂತ ಮೇಲೇ ಇದ್ದವು. ಅಂತರ ಭಾರಿ ದೊಡ್ಡದಲ್ಲ, ಎಲ್ಲರಿಗೂ ಗುಣ ಕಾಣಲ್ಲ, ಅದನ್ನೂ ಹೇಳಬೇಕು. ನಿಮ್ಮ ತಮ್ಮನಿಗೆ ಕಂಡಿದೆ, ಹೊಲಕ್ಕೆ ಹೋಗಿದ್ದು ಸಣ್ಣ ಮಾತಲ್ಲ. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ನರಕೋಶಗಳ ನಡುವೆ ಸೆರೊಟೋನಿನ್ ಜಾಸ್ತಿಯಾಗುತ್ತದೆ, ಮನಸ್ಸು ಹಗುರಾಗುವುದಕ್ಕೆ ಮಾತ್ರ ವಾರಗಳೇ ಬೇಕು. ಸುಮ್ನೆ ಕೊರತೆ ತುಂಬಿದ್ದಾಗಿದ್ದರೆ ಇಷ್ಟು ತಡ ಯಾಕೆ? ಮೆದುಳು ನಿಧಾನಕ್ಕೆ ಹೊಂದಿಕೊಳ್ಳುತ್ತಾ ಬದಲಾಗುತ್ತದೆ ಅನ್ನುವುದು ಈಗಿನ ಒಂದು ವಿವರಣೆ.

ರಕ್ತ ಪರೀಕ್ಷೆಗೆ ದುಡ್ಡು ಹಾಕಬೇಡಿ. ದೇಹದ ಸೆರೊಟೋನಿನ್ ಬಹುಪಾಲು ಕರುಳಿನಲ್ಲಿರುತ್ತದೆ, ರಕ್ತದಲ್ಲಿರುವುದು ಮೆದುಳಿಗೆ ದಾಟುವುದಿಲ್ಲ. ಥೈರಾಯ್ಡ್ ನೋಡಿಸಿಲ್ಲದಿದ್ದರೆ ಅದನ್ನು ನೋಡಿಸಿ.

ಮಾತ್ರೆ ಬೇಡ ಅನ್ನಿಸಿದರೆ ತಮ್ಮ ಅದನ್ನೂ ಡಾಕ್ಟರ ಮುಂದೆಯೇ ಹೇಳಲಿ, ಮೆಲ್ಲಗೆ ಇಳಿಸಿ ಬಿಡಿಸುತ್ತಾರೆ. ಅಷ್ಟರಲ್ಲಿ ‘ಬದುಕು ಸಾಕು’ ಅನ್ನುವ ಮಾತು ಬಂದರೆ ಅವನನ್ನು ಒಬ್ಬನೇ ಬಿಡಬೇಡಿ. 14416, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಮಾತಾಡಬಹುದು, ಕನ್ನಡದಲ್ಲೇ.