ರಂಗದ ಮಾತು: ಭೀಮ ಸಿಟ್ಟಲ್ಲೂ ಯಾಕೆ ಹಾಡುತ್ತಾನೆ?

ಪ್ರಶ್ನೆ: ಸರ್, ನಮಸ್ಕಾರ. ಮೊನ್ನೆ ಮನೆಯವರ ಜೊತೆ ಹಾಸನಕ್ಕೆ ಹೋಗಿ ಹಾಸನಾಂಬ ಕಲಾಕ್ಷೇತ್ರದಲ್ಲಿ ‘ಕುರುಕ್ಷೇತ್ರ’ ಪೌರಾಣಿಕ ನಾಟಕ ನೋಡಿದೆ. ನಮ್ಮ ಚಿಕ್ಕಮಾವ ಕರ್ಣನ ಪಾತ್ರ ಮಾಡಿದ್ದರು. ಇದೇ ಹಾಡುಗಳನ್ನ ಮೊಬೈಲಿನಲ್ಲಿ ಕೇಳಿದ್ದೆ, ಏನೂ ಅನ್ನಿಸಿರಲಿಲ್ಲ. ಅಲ್ಲಿ ಕೂತು ಕೇಳಿದಾಗ ಮೈ ಜುಂ ಅಂತು, ಕಣ್ಣಲ್ಲಿ ನೀರೂ ಬಂತು. ಯಾಕೆ ಹೀಗೆ? ಇನ್ನೊಂದು, ಗದೆ ಎತ್ತಿಕೊಂಡು ಬಂದ ಭೀಮ ಹೊಡೆಯೋದು ಬಿಟ್ಟು ಹಾಡುತ್ತಾ ನಿಲ್ಲುತ್ತಾನಲ್ಲ, ಅದು ಯಾಕೆ?
– ಓದುಗರು, ಆಲೂರು

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಮೈ ಜುಂ ಅಂದದ್ದು ಯಾಕೆ ಅಂತ ಹೇಳೋದಕ್ಕೆ ಹೋದ ವರ್ಷ ಚನ್ನರಾಯಪಟ್ಟಣದ ಹತ್ತಿರದ ಊರೊಂದರ ಹಬ್ಬದಲ್ಲಿ ನಾನು ಕಂಡದ್ದನ್ನ ಹೇಳುತ್ತೇನೆ. ಅಲ್ಲೂ ‘ಕುರುಕ್ಷೇತ್ರ’ವೇ. ನಾನು ಹಾರ್ಮೋನಿಯಂ ಮೇಷ್ಟ್ರ ಪಕ್ಕದಲ್ಲೇ ಕೂತಿದ್ದೆ. ಕೃಷ್ಣ ಸಂಧಾನಕ್ಕೆ ಬಂದಿದ್ದಾನೆ, ದುರ್ಯೋಧನ ಸಿಂಹಾಸನದಿಂದ ಎದ್ದು ಕಂದ ಎತ್ತಬೇಕು, ಅಂದ್ರೆ ಕಂದಪದ್ಯ ಹಾಡಲು ಶುರು ಮಾಡಬೇಕು. ದುರ್ಯೋಧನ ಆದವರು ಹಗಲು ಟ್ರ್ಯಾಕ್ಟರ್ ಓಡಿಸುವವರು. ಶಾರೀರ ಒಳ್ಳೇದಿತ್ತು, ಆದರೆ ಆವೇಶದಲ್ಲಿ ಶ್ರುತಿಗಿಂತ ಒಂದು ಸ್ವರ ಮೇಲೆ ಎತ್ತಿಬಿಟ್ಟರು. ಮೇಷ್ಟ್ರು ಹಾರ್ಮೋನಿಯಂ ಮನೆ, ಅಂದ್ರೆ ಬೆರಳಲ್ಲಿ ಒತ್ತುವ ಪಟ್ಟಿ, ನೋಡಲಿಲ್ಲ, ದುರ್ಯೋಧನನ ಗಂಟಲನ್ನೇ ನೋಡುತ್ತಿದ್ದರು. ಕಾಲು ಪೆಡಲ್ ಒತ್ತುತ್ತಲೇ ಇತ್ತು. ಬಲಗೈ ಮಾತ್ರ ಸರಕ್ಕನೆ ಪಕ್ಕದ ಮನೆಗೆ ಹೋಗಿ ಅವರ ಸ್ವರವನ್ನ ಹಿಡಿಯಿತು. ಎರಡನೇ ಸಾಲು ಮುಗಿದು ಅವರು ಉಸಿರು ತಗೊಳ್ಳುವಾಗ, ಮೇಷ್ಟ್ರು ಒಂದು ಸಣ್ಣ ಆಲಾಪ ನುಡಿಸಿ ಹಳೇ ಶ್ರುತಿಗೆ ಇಳಿದರು. ಮೂರನೇ ಸಾಲಿಗೆ ದುರ್ಯೋಧನ ತನ್ನಷ್ಟಕ್ಕೇ ಸರಿಯಾದ ಜಾಗಕ್ಕೆ ಬಂದು ನಿಂತಿದ್ದರು. ಜನ ‘ಒನ್ಸ್ ಮೋರ್’ ಅಂತ ಕೂಗಿದರು. ಮೇಷ್ಟ್ರು ತಲೆ ಎತ್ತದೆ ಇನ್ನೊಂದು ಸಲ ಶ್ರುತಿ ಕೊಟ್ಟರು.

ರೆಕಾರ್ಡಿನಲ್ಲಿ ಇದು ಇರೋದಿಲ್ಲ. ಅಲ್ಲಿ ಹಾಡು ಆಗಲೇ ಮುಗಿದುಹೋಗಿದೆ. ಇಲ್ಲಿ ನಿಮ್ಮ ಎದುರಿಗೇ ಹುಟ್ಟುತ್ತಿದೆ, ತಪ್ಪಿದರೂ ತಪ್ಪಬಹುದು. ಹಾಡುವವನಿಗೂ ಮೇಷ್ಟ್ರಿಗೂ ನಡುವೆ ಏನೋ ನಡೀತಿದೆ ಅಂತ ನಮಗೆ ರಾಗ ಗೊತ್ತಿಲ್ಲದಿದ್ದರೂ ತಿಳಿಯುತ್ತೆ. ನಿಮ್ಮ ಕಣ್ಣಲ್ಲಿ ನೀರು ತಂದದ್ದು ಅದೇ ಅಂತ ನನಗನ್ನಿಸುತ್ತೆ. ಜೊತೆಗೆ ನಿಮ್ಮ ಚಿಕ್ಕಮಾವ ತಿಂಗಳುಗಟ್ಟಲೆ ರಾತ್ರಿ ತಾಲೀಮಿಗೆ ಹೋದದ್ದನ್ನೂ ನೀವು ನೋಡಿರುತ್ತೀರಿ, ಅಲ್ವಾ? ನಮ್ಮ ಕಡೆ ಪಾತ್ರ ಬೇಕು ಅಂದ್ರೆ ಕೈಯಿಂದಲೇ ದುಡ್ಡು ಹಾಕಬೇಕು. ಕೃಷ್ಣ, ದುರ್ಯೋಧನನಿಗೆ ಜಾಸ್ತಿ. ಅಷ್ಟು ಆಸೆಪಟ್ಟು ಹಾಡುವ ಗಂಟಲಿಗೆ ಬೇರೆಯದೇ ಕಾವು ಇರುತ್ತೆ.

ಈಗ ಭೀಮನ ವಿಚಾರ. ಅವನು ಹಾಡೋದೂ ಕಂದವೇ. ಕಂದಪದ್ಯಕ್ಕೆ ನಾಲ್ಕು ಸಾಲು. ಒಂದು, ಮೂರನೇ ಸಾಲಿಗೆ 12 ಮಾತ್ರೆ, ಎರಡು, ನಾಲ್ಕಕ್ಕೆ 20. ಬರೆಯುವಾಗ ಲೆಕ್ಕ ಇಷ್ಟು ಬಿಗಿ. ಹಾಡುವಾಗ ಮಾತ್ರ ತಾಳವೇ ಇಲ್ಲ, ತಬಲ ಸುಮ್ಮನಿರುತ್ತೆ. ಒಂದು ಮಾತನ್ನ ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು. ಸಿಟ್ಟು ನಿಜವಾಗಿ ಬಂದಾಗ ಒಂದು ಕ್ಷಣ ಇರುತ್ತೆ, ಆಮೇಲೆ ಕೈ ಏಳುತ್ತೆ. ನಾಟಕ ಆ ಒಂದು ಕ್ಷಣವನ್ನ ನಿಲ್ಲಿಸಿ ತೋರಿಸುತ್ತೆ. ಭೀಮ ಹೊಡೆಯೋದು ಬಿಟ್ಟು ಹಾಡುತ್ತಿಲ್ಲ. ಅವನ ಸಿಟ್ಟೇ ಅಠಾಣ ರಾಗದಲ್ಲಿ ನಿಮಗೆ ಕೇಳಿಸುತ್ತಿದೆ. ಹಾಡು ಮುಗಿದು ತಬಲ ಧಡ್ ಅಂದಾಗ ಗದೆ ಏಳುತ್ತಲ್ಲ, ಆ ಏಟಿಗೆ ಅಷ್ಟು ತೂಕ ಬರೋದು ಹಿಂದಿನ ಹಾಡಿನಿಂದ.

ಇದು ಕಂಪನಿ ನಾಟಕದಿಂದ ಬಂದ ರೂಢಿ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಂಥವು ಊರೂರು ತಿರುಗಿದ್ದು ಮೈಕು ಇಲ್ಲದ ಕಾಲದಲ್ಲಿ. ಟೆಂಟಿನ ಕೊನೇ ಸಾಲಿಗೂ ಕೇಳಬೇಕು, ಹಾಗಾಗಿ ಎತ್ತರದ ಶ್ರುತಿ, ತೆರೆದ ಗಂಟಲು. ಮರಾಠಿ ಕಂಪನಿಗಳು ನಮ್ಮ ಕಡೆ ಬಂದಾಗ ಹಿಂದೂಸ್ತಾನಿ ರಾಗಗಳೂ ಬಂದವು. ಅದಕ್ಕೇ ಒಂದೇ ನಾಟಕದಲ್ಲಿ ಕರ್ನಾಟಕ ಸಂಗೀತದ ಅಠಾಣವೂ ಇರುತ್ತೆ, ಹಿಂದೂಸ್ತಾನಿಯ ಭೀಮ್‌ಪಲಾಸೂ ಇರುತ್ತೆ. ರಂಗ ನಿರ್ದೇಶಕ ಬಿ.ವಿ. ಕಾರಂತರು ಹುಡುಗರಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದವರು. ಮುಂದೆ ಹೊಸ ನಾಟಕಗಳಿಗೆ ಅವರು ಕಟ್ಟಿದ ಸಂಗೀತದಲ್ಲಿ ಈ ಕಂಪನಿಯ ಕಸುವು ಚೆನ್ನಾಗಿ ಕೇಳಿಸುತ್ತೆ. ಹೊಸ ನಾಟಕ ನೋಡುವ ಕೆಲವರು ಊರಿನ ಪೌರಾಣಿಕ ನಾಟಕ ಅಂದ್ರೆ ಮೂಗು ಮುರಿಯುತ್ತಾರೆ. ನನಗೆ ಅದು ಬೇಜಾರು. ಎರಡಕ್ಕೂ ಬೇರು ಒಂದೇ.

ಪ್ರಶ್ನೆ: ನಾಟಕದಲ್ಲಿ ಹಾಡಿನ ಸಾಹಿತ್ಯವೇ ಕೇಳೋದಿಲ್ಲ. ಬರೀ ವಾದ್ಯದ ಸದ್ದು. ಎಲ್ಲಿ ಕೂತರೆ ಒಳ್ಳೇದು?
– ಓದುಗರು, ಚಿಕ್ಕಮಗಳೂರು

ಉತ್ತರ: ಮೈಕ್ ಸೆಟ್ಟಿನ ಬಾಕ್ಸಿನ ಮುಂದೆ ಕೂರಬೇಡಿ. ಮೇಷ್ಟ್ರು ಯಾವ ಕಡೆ ಇದ್ದಾರೋ ಆ ಕಡೆ, ಮೂರು ನಾಲ್ಕು ಸಾಲು ಹಿಂದೆ ಕೂತು ನೋಡಿ. ಪಾತ್ರಧಾರಿಗಳು ಶ್ರುತಿಗಾಗಿ ಅತ್ತಲೇ ತಿರುಗುತ್ತಾರೆ, ಮಾತು ನೇರ ಕಿವಿಗೆ ಬೀಳುತ್ತೆ. ಆದರೂ ನಿಮ್ಮ ದೂರು ಸರಿಯೇ. ಈಗ ಕೀಬೋರ್ಡು, ರಿದಂ ಪ್ಯಾಡು ಬಂದಿವೆ, ಎಕೋ ಜಾಸ್ತಿ ಇಡುತ್ತಾರೆ. ಕಂದದ ಮಾತೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತೆ. ನಾಟಕ ಆಡಿಸುವವರಲ್ಲಿ ನನ್ನ ಕೈಮುಗಿದ ಕೋರಿಕೆ: ಕಂದ ಶುರುವಾದಾಗ ಎಕೋ ಪೂರ್ತಿ ತೆಗೆಸಿ. ಹಾರ್ಮೋನಿಯಂ ಒಂದೇ ಸಾಕು.

ಪ್ರಶ್ನೆ: ನಾವು ಸ್ತ್ರೀಶಕ್ತಿ ಸಂಘದವರು ಸೇರಿ ಪೌರಾಣಿಕ ನಾಟಕ ಮಾಡೋಣ ಅಂತಿದ್ದೇವೆ. ನಾನು ಕೃಷ್ಣ. ಹೆಂಗಸರ ದನಿಗೆ ಈ ಹಾಡುಗಳು ಒಪ್ಪುತ್ತವಾ? ಗಂಡಸರು ನಗುತ್ತಾರೆ.
– ಓದುಗರು, ಅರಕಲಗೂಡು

ಉತ್ತರ: ಖಂಡಿತ ಒಪ್ಪುತ್ತವೆ. ಆರ್. ನಾಗರತ್ನಮ್ಮ 1958ರಲ್ಲಿ ಬೆಂಗಳೂರಿನಲ್ಲಿ ಹೆಂಗಸರದ್ದೇ ನಾಟಕ ಮಂಡಳಿ ಕಟ್ಟಿದರು. ಗಂಡು ಪಾತ್ರಗಳಿಗೇ ಹೆಸರಾದರು, ಕಂಸನಾಗಿ ರಂಗದ ಮೇಲೆ ಗುಡುಗಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ಮಾತನ್ನ ನಗುವವರಿಗೆ ಹೇಳಿ.

ಶ್ರುತಿಯ ವಿಷಯದಲ್ಲಿ ಮಾತ್ರ ಹುಷಾರು. ಗಂಡಸರ ತಂಡಕ್ಕೆ ಹೇಳಿಕೊಟ್ಟು ರೂಢಿಯಾದ ಮೇಷ್ಟ್ರು ಅದೇ ಶ್ರುತಿಗೆ ನಿಮ್ಮನ್ನೂ ಹಾಡಿಸಲು ನೋಡಬಹುದು. ಕೆಳಗೆ ದನಿ ಇಳಿಯೋದಿಲ್ಲ, ಮೇಲಿನ ಸ್ಥಾಯಿಗೆ ಹೋದರೆ ಕಿರುಚಿದ ಹಾಗಾಗುತ್ತೆ. ಪಾತ್ರ ಹಂಚಿಕೊಳ್ಳುವ ಮೊದಲೇ ಎಲ್ಲರನ್ನೂ ಹಾರ್ಮೋನಿಯಂ ಮುಂದೆ ಕೂರಿಸಿ, ಒಬ್ಬೊಬ್ಬರಿಗೂ ಆರಾಮಾಗಿ ಹಾಡಲು ಬರುವ ಶ್ರುತಿ ಯಾವುದು ಅಂತ ಬರೆದಿಟ್ಟುಕೊಳ್ಳಿ. ಕೃಷ್ಣ, ದುರ್ಯೋಧನ ಮುಖಾಮುಖಿ ಹಾಡುವ ದೃಶ್ಯ ಇದೆಯಲ್ಲ, ಆ ಇಬ್ಬರಿಗೆ ಒಂದೇ ಶ್ರುತಿ ಹೊಂದಬೇಕು. ಅದನ್ನ ನೋಡಿಕೊಂಡು ಪಾತ್ರ ಕೊಡಿ, ಯಾರು ಜಾಸ್ತಿ ದುಡ್ಡು ಹಾಕಿದರು ಅಂತ ಅಲ್ಲ. ನಾಟಕದ ತಾರೀಕು ಗೊತ್ತಾದ ಮೇಲೆ ಪತ್ರ ಹಾಕಿ. ಅರಕಲಗೂಡು ನನಗೇನೂ ದೂರ ಅಲ್ಲ, ಬಂದೇ ಬರುತ್ತೇನೆ.