ಬಣ್ಣದ ವೈರಿನ ಬಳೆ ಬೇಗ ಮುರಿಯುವುದೇಕೆ?

ಪ್ರಶ್ನೆ: ಮನೆಯ ವೈರಿಂಗ್ ಮುಗಿದ ಮೇಲೆ ಉಳಿದ ಕೆಂಪು, ಹಳದಿ, ಹಸಿರು ವೈರಿನ ತುಂಡುಗಳಿಂದ ಬಳೆ, ಓಲೆ ಮಾಡುತ್ತಿದ್ದೇನೆ. ದಪ್ಪ ವೈರಿನ ಬಳೆ ಆಕಾರದಲ್ಲಿ ನಿಲ್ಲುವುದಿಲ್ಲ. ಹಳೆಯ ಟೆಲಿಫೋನ್ ಕೇಬಲ್ಲಿನ ಸಣ್ಣ ವೈರಿನದು ನಾಲ್ಕು ದಿನಕ್ಕೇ ಮುರಿಯುತ್ತದೆ, ತುದಿಯೂ ಚುಚ್ಚುತ್ತದೆ. ಬರಿಯ ತಾಮ್ರ ಬೇಕಾದಾಗ ಪ್ಲಾಸ್ಟಿಕ್ಕನ್ನು ಸುಟ್ಟು ತೆಗೆಯಬಹುದೇ? ಇಂಥ ಒಡವೆಯನ್ನು ಮಕ್ಕಳಿಗೆ ಹಾಕಬಹುದೇ?

ಉತ್ತರ: ನಿಮ್ಮ ಎರಡು ವೈರುಗಳ ಒಳಗಿನ ರಚನೆಯೇ ಬೇರೆ. ಮನೆಯ ವೈರಿಂಗ್‌ಗೆ ಬಳಸುವ ವೈರನ್ನು ಕತ್ತರಿಸಿ ನೋಡಿದರೆ ಸಾಮಾನ್ಯವಾಗಿ ಕೂದಲಿನಂಥ ಹಲವು ತಾಮ್ರದ ಎಳೆಗಳು ಕಾಣುತ್ತವೆ. ಸುಲಭವಾಗಿ ಬಳುಕಲೆಂದೇ ಹಾಗೆ ಮಾಡಿರುವುದರಿಂದ ಅದು ನೀವು ಕೊಟ್ಟ ಆಕಾರವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಟೆಲಿಫೋನ್ ಕೇಬಲ್ಲಿನಲ್ಲಿಯೂ, ಕಂಪ್ಯೂಟರುಗಳನ್ನು ಜೋಡಿಸಲು ಗೋಡೆಯೊಳಗೆ ಎಳೆಯುವ ಲ್ಯಾನ್ ಕೇಬಲ್ಲಿನಲ್ಲಿಯೂ ಸುಮಾರು 0.5 ಮಿಲಿಮೀಟರ್ ದಪ್ಪದ ಒಂದೇ ಗಟ್ಟಿ ಎಳೆ ಇರುತ್ತದೆ. ಒಡವೆಗೆ ಬೇಕಾದದ್ದು ಇದೇ. ಲ್ಯಾನ್ ಕೇಬಲ್ಲಿನ ಹೊರಕವಚ ಬಿಚ್ಚಿದರೆ ನೀಲಿ, ಕಿತ್ತಳೆ, ಹಸಿರು, ಕಂದು ಬಣ್ಣಗಳೂ ಅವುಗಳ ಬಿಳಿ ಪಟ್ಟೆಯ ಜೋಡಿಗಳೂ ಸೇರಿ ಎಂಟು ವೈರು ಸಿಗುತ್ತವೆ. ದಕ್ಷಿಣ ಆಫ್ರಿಕಾದ ಜುಲು ಕುಶಲಕರ್ಮಿಗಳು ‘ಇಂಬೆಂಗೆ’ ಎಂಬ ಬಟ್ಟಲುಗಳನ್ನು ಹೆಣೆಯಲು ನೆಚ್ಚಿಕೊಂಡದ್ದೂ ಬಣ್ಣದ ಟೆಲಿಫೋನ್ ವೈರನ್ನೇ.

ಇನ್ನು ಮುರಿಯುವ ವಿಚಾರ. ತಾಮ್ರ ಮೃದುವಾದ ಲೋಹವಾದರೂ ಬಾಗಿಸಿದಷ್ಟೂ ಗಡುಸಾಗುತ್ತದೆ, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಾಗಿಸಿ ನೆಟ್ಟಗೆ ಮಾಡಿದರೆ ಅಲ್ಲಿಯೇ ಬಿರುಕು ಹುಟ್ಟುತ್ತದೆ. ನಿಮ್ಮ ಬಳೆ ಬಾಯಿ ಅಗಲಿಸಿ ತೊಡುವಂಥದ್ದಾಗಿದ್ದರೆ ಪ್ರತಿದಿನ ಎರಡು ಬಾರಿ ನೀವೇ ಅದನ್ನು ಮುರಿಯುತ್ತಿದ್ದೀರಿ ಎಂದೇ ಅರ್ಥ. ಕೈ ತೂರುವಷ್ಟು ದೊಡ್ಡ ಮುಚ್ಚಿದ ಬಳೆ ಮಾಡಿ, ಇಲ್ಲವೇ ಕೊಕ್ಕೆ ಹಾಕಿ. ಹೊದಿಕೆ ಸುಲಿಯುವಾಗ ಬ್ಲೇಡು ತಾಮ್ರಕ್ಕೆ ತಗುಲಿದ ಗೆರೆಯೂ ಮುರಿತಕ್ಕೆ ದಾರಿ ಮಾಡಿಕೊಡುತ್ತದೆ.

ನಾನು ಹೆಚ್ಚಾಗಿ ಮೆಚ್ಚುವುದು ಸುರುಳಿಯ ಬಳೆಯನ್ನು. 3 ಮಿಲಿಮೀಟರ್ ದಪ್ಪದ ಹೆಣಿಗೆ ಕಡ್ಡಿಗೆ, ಹೊದಿಕೆ ಸೇರಿ 1 ಮಿಲಿಮೀಟರ್ ದಪ್ಪವಿರುವ ವೈರನ್ನು ಸುತ್ತಿಗೆ ಸುತ್ತು ತಾಗುವಂತೆ ಸುತ್ತಿ. ಒಂದು ಸುತ್ತಿಗೆ ಸುಮಾರು 12.5 ಮಿಲಿಮೀಟರ್ ವೈರು ಹೋಗುತ್ತದೆ. ಆದ್ದರಿಂದ 40 ಸುತ್ತಿನ, ಅಂದರೆ 4 ಸೆಂಟಿಮೀಟರ್ ಉದ್ದದ ಸುರುಳಿಗೆ ಅರ್ಧ ಮೀಟರ್ ಬೇಕು. ಹೆಬ್ಬೆರಳಿನಿಂದ ವೈರನ್ನು ಬಿಗಿಯಾಗಿ ಒತ್ತಿ ಹಿಡಿದು, ವೈರನ್ನು ಸುತ್ತುವ ಬದಲು ಕಡ್ಡಿಯನ್ನೇ ತಿರುಗಿಸಿದರೆ ಸುತ್ತುಗಳು ಒಂದೇ ಸಮ ಕೂರುತ್ತವೆ. ಬೇರೆ ಬೇರೆ ಬಣ್ಣದ ಇಂಥ ಸುರುಳಿಗಳನ್ನು ದಪ್ಪನೆಯ ಒಂಟಿ ಎಳೆಯ ತಂತಿಗೆ ಮಣಿಗಳಂತೆ ಪೋಣಿಸಿ, ಆ ತಂತಿಯನ್ನು ಒಂದೇ ಸಲ ಬಾಗಿಸಿ ಬಳೆಯಾಗಿಸಿ.

ತುದಿ ಚುಚ್ಚುವುದಕ್ಕೆ ಅರದಿಂದ ಉಜ್ಜುವುದಕ್ಕಿಂತ ಸುಲಭದ ಉಪಾಯವಿದೆ. ಗಿಡ್ಡ ತುಂಡುಗಳಲ್ಲಿ ಹೊದಿಕೆ ತಾಮ್ರದ ಮೇಲೆ ಜಾರುತ್ತದೆ. ಅದನ್ನು ಎರಡು ಮಿಲಿಮೀಟರ್ ಮುಂದಕ್ಕೆ ಎಳೆದರೆ ತಾಮ್ರ ಒಳಗೇ ಉಳಿಯುತ್ತದೆ. ಬಳಿಕ ಮೂತಿ ಉರುಟಾದ ಇಕ್ಕಳದಿಂದ ತುದಿಯನ್ನು ಒಳಮುಖವಾಗಿ ಸುರುಳಿಸಿ. ಕಿವಿಯ ಕೊಕ್ಕೆಗೆ ಮಾತ್ರ ಈ ತಾಮ್ರ ಬೇಡ. ಬೆವರು ತಗುಲಿ ಚರ್ಮ ಹಸಿರಾಗುತ್ತದೆ. ಬೆಳ್ಳಿಯ ಕೊಕ್ಕೆ ಕೊಂಡು ತನ್ನಿ.

ಪ್ಲಾಸ್ಟಿಕ್ಕನ್ನು ಸುಡಲೇಬೇಡಿ. ವೈರಿನ ಹೊದಿಕೆ ಹೆಚ್ಚಾಗಿ ಪಿವಿಸಿ. ಅದರಲ್ಲಿರುವ ಕ್ಲೋರಿನ್ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಬಂದು ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಸುಡುತ್ತದೆ, ತಾಮ್ರದ ಸನ್ನಿಧಿಯಲ್ಲಿ ಡಯಾಕ್ಸಿನ್ ಎಂಬ ವಿಷವಸ್ತುಗಳೂ ಹುಟ್ಟುತ್ತವೆ. ಇಷ್ಟೆಲ್ಲ ಮಾಡಿಯೂ ಸಿಗುವುದು ಕಪ್ಪಿಟ್ಟ ತಾಮ್ರ. ಒಂದೊಂದು ಅಂಗೈ ಉದ್ದಕ್ಕೆ ಕತ್ತರಿಸಿಕೊಂಡು ಹೊದಿಕೆಯನ್ನು ಎಳೆದು ತೆಗೆಯಿರಿ.

ಹಳೆಯ ಪಿವಿಸಿ ಹೊದಿಕೆಗಳಲ್ಲಿ ವಿಷಕಾರಿಯಾದ ಸೀಸದ ಸಂಯುಕ್ತಗಳನ್ನು ಬೆರೆಸುವ ರೂಢಿಯಿತ್ತು. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನ ಮಕ್ಕಳಿಗೆ ಆದ್ದರಿಂದ ಈ ಒಡವೆ ಸಲ್ಲದು. ನೀವೂ ಕೆಲಸ ಮುಗಿದ ಮೇಲೆ ಕೈ ತೊಳೆದುಕೊಳ್ಳಿ, ವೈರಿನ ತುದಿಯನ್ನು ಹಲ್ಲಿನಿಂದ ಸುಲಿಯುವ ಅಭ್ಯಾಸವಿದ್ದರೆ ಬಿಟ್ಟುಬಿಡಿ.